ತಗ್ಗಿಸಿದ ಟ್ರಕ್ಕಿಗೆ ಗಿಡ್ಡ ಬ್ರೇಕ್ ಹೋಸ್ ಬೇಕೇ?

ಓದುಗರ ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. 1972ರ ಶೆವರ್ಲೆ ಸಿ10 ಪಿಕಪ್ ಕೊಂಡು, ಎರಡೂವರೆ ಇಂಚಿನ ಡ್ರಾಪ್ ಸ್ಪಿಂಡಲ್ (ಚಕ್ರದ ಅಚ್ಚು ಮೂಲಕ್ಕಿಂತ ಮೇಲಿರುವ ಬಿಡಿಭಾಗ) ಹಾಕಿಸಿ ಮುಂಭಾಗ ತಗ್ಗಿಸಿದ್ದೇನೆ. ಈಗ ಮುಂದಿನ ಬ್ರೇಕ್ ಹೋಸ್, ಅಂದರೆ ಚಾಸಿಸ್ಸಿನಿಂದ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಾಗುವ ಕೊಳವೆ, ಹೊಟ್ಟೆ ಬಿಟ್ಟುಕೊಂಡು ಟೈರಿನ ಕಡೆಗೆ ಬಾಗಿ ನಿಂತಿದೆ. ಗಿಡ್ಡ ಹೋಸ್ ಹಾಕಲೇ, ಇಲ್ಲ ಹಿಂದಕ್ಕೆಳೆದು ಕಟ್ಟಿಬಿಡಲೇ?

ಎರಡೂ ಬೇಡ. ಗಿಡ್ಡ ಹೋಸ್ ಹಾಕಿದರೆ ಗಾಡಿ ನೆಲದ ಮೇಲೆ ನಿಂತಿರುವಾಗ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಟೈರ್ ಬದಲಿಸಲು ಜಾಕ್ ಏರಿಸಿ ಚಕ್ರ ಜೋತುಬಿದ್ದ ದಿನ ಅದೇ ಹೋಸ್ ವೀಣೆಯ ತಂತಿಯಂತೆ ಬಿಗಿಯಬಹುದು. ಹೋಸಿನ ಉದ್ದವನ್ನು ನಿಂತ ಗಾಡಿಯಲ್ಲಿ ಅಳೆಯಬಾರದು. ಚಕ್ರ ಪೂರ್ತಿ ಇಳಿದು, ಸ್ಟೀರಿಂಗ್ ಕೊನೆಯವರೆಗೆ ತಿರುಗಿದಾಗ ಎಷ್ಟು ಬೇಕೋ ಅಷ್ಟು ಉದ್ದ ಇರಲೇಬೇಕು.

ಗಾಡಿಯನ್ನು ಯಾವ ರೀತಿಯಲ್ಲಿ ತಗ್ಗಿಸಿದ್ದೀರಿ ಎಂಬುದರ ಮೇಲೆ ಮಿಕ್ಕದ್ದು ನಿಂತಿದೆ. ಬರೀ ಗಿಡ್ಡ ಸ್ಪ್ರಿಂಗ್ ಹಾಕಿದ್ದರೆ ಕಂಟ್ರೋಲ್ ಆರ್ಮ್‌ಗಳು (ಚಕ್ರವನ್ನು ಚಾಸಿಸ್ಸಿಗೆ ಹಿಡಿದು ಮೇಲೆ ಕೆಳಗೆ ಆಡಲು ಬಿಡುವ ತೋಳುಗಳು) ಮೊದಲಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತವೆ, ಅಷ್ಟೇ. ಮೂಲ ಸ್ಪ್ರಿಂಗ್ ಇದ್ದಾಗಲೂ ಹಳ್ಳಕ್ಕೆ ಬಿದ್ದಾಗ ಅವು ಅಲ್ಲಿಗೆ ಹೋಗಿಬರುತ್ತಿದ್ದವು, ಕಾರ್ಖಾನೆಯ ಹೋಸಿಗೆ ಆ ಜಾಗ ಹೊಸದಲ್ಲ. ಡ್ರಾಪ್ ಸ್ಪಿಂಡಲ್‌ನ ಕತೆ ಬೇರೆ. ಅದು ಆರ್ಮ್‌ಗಳನ್ನು ಇದ್ದಲ್ಲೇ ಬಿಟ್ಟು ಚಕ್ರದ ಅಚ್ಚನ್ನು ಎರಡೂವರೆ ಇಂಚು ಮೇಲಕ್ಕೆ ಒಯ್ಯುತ್ತದೆ. ಡಿಸ್ಕ್ ಅಚ್ಚಿನ ಸುತ್ತ ತಿರುಗುತ್ತದೆ, ಹೋಸಿನ ತುದಿ ಸೇರುವ ಕ್ಯಾಲಿಪರ್ ಡಿಸ್ಕನ್ನು ಕಚ್ಚಿ ಕೂತಿರುತ್ತದೆ. ಹಾಗಾಗಿ ಕ್ಯಾಲಿಪರ್ ಕೂಡ ಅಷ್ಟೇ ಮೇಲೇರುತ್ತದೆ. ಹೋಸಿನ ಒಂದು ತುದಿ ಮೇಲೇರಿ, ಚಾಸಿಸ್ ಕಡೆಯ ತುದಿ ಇದ್ದಲ್ಲೇ ಉಳಿಯಿತು. ನೀವು ನೋಡುತ್ತಿರುವ ಹೊಟ್ಟೆ ಅದರದೇ.

ಆದ್ದರಿಂದ ಮದ್ದು ಚಾಸಿಸ್ ಕಡೆಯಲ್ಲಿದೆ. ಹೋಸ್ ಹಿಡಿದಿರುವ ಬ್ರಾಕೆಟ್ಟನ್ನೂ ಎರಡೂವರೆ ಇಂಚು ಮೇಲಕ್ಕೆ ಸರಿಸಿದರೆ ಎರಡು ತುದಿಗಳ ನಡುವಿನ ಲೆಕ್ಕ ಮೊದಲಿನಂತೆಯೇ ಆಗುತ್ತದೆ, ಮೂಲ ಉದ್ದದ ಹೋಸೇ ಸಾಕಾಗುತ್ತದೆ. ಅಷ್ಟು ಎತ್ತರ ಸಿಗದಿದ್ದರೆ ಸಿಕ್ಕಷ್ಟು ಸರಿಸಿ, ಉಳಿದದ್ದನ್ನು ಹೋಸ್ ಹೊರಡುವ ದಿಕ್ಕಿನಲ್ಲಿ ಸರಿಪಡಿಸಿ. ಚಾಸಿಸ್ಸಿನ ನಿಂತ ಗೋಡೆಯಲ್ಲಿ ತೂತು ಕೊರೆಯಬಹುದು. ಮೇಲಿನ, ಕೆಳಗಿನ ಮಡಿಕೆಯ ಅಂಚಿನಲ್ಲಿ ಕೊರೆಯಬೇಡಿ, ಭಾರವೆಲ್ಲ ಹೆಚ್ಚಾಗಿ ಎಳೆಯುವುದು ಅಲ್ಲೇ. ಬ್ರಾಕೆಟ್ಟಿಗೆ ಬರುವ ಉಕ್ಕಿನ ಪೈಪನ್ನು ಕೈಯಿಂದ ಹಿಸುಕಿ ಬಗ್ಗಿಸದೆ ಹೊಸ ತುಂಡು ಮಾಡಿಸುವುದೇ ಲೇಸು.

ಹೋಸ್ ಹಾದುಹೋಗುವ ದಾರಿ ಆರಿಸಲು, ಆರ್ಮ್‌ಗಳ ತುದಿಯಲ್ಲಿ ಸ್ಪಿಂಡಲ್ ಹಿಡಿಯುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಸುತ್ತುವುದು ಆ ಗೆರೆಯ ಸುತ್ತ. ಹೋಸ್ ಅದಕ್ಕೆ ಎಷ್ಟು ಹತ್ತಿರದಲ್ಲಿ ಹಾದುಹೋಗುತ್ತದೋ ಅಷ್ಟು ಕಡಿಮೆ ಅಲುಗಾಡುತ್ತದೆ.

ಜೋಡಿಸುವಾಗ ಕ್ಯಾಲಿಪರ್ ತುದಿಯನ್ನು ಮೊದಲು ಹಾಕಿ. ಬಾಂಜೊ ಬೋಲ್ಟ್ (ಆಯಿಲ್ ಹಾದುಹೋಗುವ ಟೊಳ್ಳು ಬೋಲ್ಟ್) ತೂರುವ ಹೋಸಿನ ಬಳೆಯ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಬೇಕು. ಹಳೆಯದನ್ನೇ ತೊಳೆದು ಹಾಕುವ ಉಳಿತಾಯ ನಾನೂ ಒಮ್ಮೆ ಮಾಡಿದ್ದೇನೆ. ಮರುದಿನ ಬೆಳಗ್ಗೆ ಚಕ್ರದೊಳಗೆಲ್ಲ ಬ್ರೇಕ್ ಆಯಿಲ್ ಹರಿದಿತ್ತು, ಬಣ್ಣವನ್ನೂ ಎಬ್ಬಿಸಿತ್ತು. ಆಮೇಲೆ ಇನ್ನೊಂದು ತುದಿಯನ್ನು ಬ್ರಾಕೆಟ್ಟಿಗೆ ಏರಿಸುವ ಮುನ್ನ ಹೋಸನ್ನು ಹಾಗೇ ತೂಗಲು ಬಿಡಿ. ಅಮೆರಿಕದಲ್ಲಿ ಮಾರುವ ರಬ್ಬರ್ ಹೋಸಿನ ಮೈಯಲ್ಲಿ ಎದುರುಬದುರಾಗಿ ಉದ್ದಕ್ಕೂ ಎರಡು ಗೆರೆಗಳಿರುತ್ತವೆ, ಒಂದರ ನಡುನಡುವೆ ಡಾಟ್ ಎಂಬ ಅಕ್ಷರ ಮತ್ತು ತಯಾರಾದ ದಿನಾಂಕ. ಬ್ರಾಕೆಟ್ಟಿಗೆ ಏರಿಸಿದ ಮೇಲೂ ಗೆರೆ ನೆಟ್ಟಗೆ ಹೋಗಿದ್ದರೆ ಸರಿ. ಹಗ್ಗ ಹೊಸೆದಂತೆ ಸುತ್ತಿದ್ದರೆ ಹುರಿ ಬಿದ್ದಿದೆ, ಬಿಚ್ಚಿ ಮತ್ತೆ ಹಾಕಿ. ಬ್ರಾಕೆಟ್ಟಿನ ಮೇಲೆ ಕ್ಲಿಪ್ ಕೂರಬೇಕು. ಉಕ್ಕಿನ ಪೈಪನ್ನು ಬಿಗಿಯುವಾಗ ಹೋಸಿನ ತುದಿಯನ್ನು ಇನ್ನೊಂದು ಸ್ಪಾನರಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಹುರಿ ಬೀಳುತ್ತದೆ.

ಇನ್ನು ಕಟ್ಟುವ ವಿಷಯ. ಪ್ಲಾಸ್ಟಿಕ್ ಟೈನಿಂದ ಕಂಟ್ರೋಲ್ ಆರ್ಮ್‌ಗೆ ಬಿಗಿದರೆ ಹೋಸಿನ ಬಾಗುವಿಕೆಯೆಲ್ಲ ಆ ಒಂದು ಬಿಂದುವಿಗೆ ಬಂದು ಸೇರುತ್ತದೆ, ಅಲ್ಲೇ ರಬ್ಬರ್ ಸೀಳುತ್ತದೆ. ಸ್ಪ್ರಿಂಗಿಗಂತೂ ಕಟ್ಟಲೇಬೇಡಿ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಉಜ್ಜಿದರೂ ಪರವಾಗಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಹೆಣಿಗೆ ಅರದಂತೆ ಕೆಲಸ ಮಾಡುತ್ತದೆ, ನಿಮ್ಮ ಅಲ್ಯೂಮಿನಿಯಂ ಚಕ್ರವನ್ನೇ ತಿನ್ನುತ್ತದೆ.

ಪರೀಕ್ಷೆಯನ್ನು ಚಕ್ರ ಹಾಕಿಯೇ ಮಾಡಿ. ಅಗಲದ ಟೈರ್ ಇದ್ದರೆ ಅದನ್ನೇ ಹಾಕಿ. ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಶಾಕ್ ಅಬ್ಸಾರ್ಬರ್ ಇದ್ದಂತೆಯೇ ಚಕ್ರ ಪೂರ್ತಿ ಜೋತುಬೀಳಲಿ. ಸ್ಟೀರಿಂಗ್ ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ. ಹೋಸ್ ಎಲ್ಲಿಯೂ ಬಿಗಿಯಬಾರದು. ನಂತರ ಆರ್ಮ್ ರಬ್ಬರ್ ಸ್ಟಾಪಿಗೆ ತಾಗುವಷ್ಟು ಮೇಲೆತ್ತಿ ಅದನ್ನೇ ಮಾಡಿ. ಇದಕ್ಕೆ ಸ್ಪ್ರಿಂಗ್ ತೆಗೆಯಬೇಕಾಗುತ್ತದೆ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಮೂಳೆ ಉಳಿಯುವುದಿಲ್ಲ, ಅಭ್ಯಾಸವಿಲ್ಲದಿದ್ದರೆ ಗ್ಯಾರೇಜಿಗೆ ಬಿಡಿ.

ಇಷ್ಟೆಲ್ಲ ಪಾಡು ಏಕೆಂದರೆ, ನಿಮ್ಮ ಟ್ರಕ್ಕಿನ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಬೇರೆ ಬೇರೆ ದಾರಿಗಳಿವೆ. ಮುಂದಿನ ಹೋಸ್ ಒಡೆದರೆ ಹಿಂದಿನ ಡ್ರಮ್ ಮಾತ್ರ ಉಳಿಯುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗದಲ್ಲಿ ತೂಕವೇ ಇಲ್ಲ, ಒತ್ತಿದೊಡನೆ ಚಕ್ರ ಜಾರುತ್ತದೆ.

ಬ್ರೇಕ್ ಆಯಿಲಿನೊಳಗಿನ ಗಾಳಿ ತೆಗೆಯುವ ಮುಂಚೆ ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ನಿಪ್ಪಲ್ ಮೇಲ್ಗಡೆಗಿದೆಯೇ ಎಂದು ಒಮ್ಮೆ ನೋಡಿ. ಎಡ ಬಲ ಕ್ಯಾಲಿಪರ್‌ಗಳು ಅದಲುಬದಲಾಗಿದ್ದರೆ ಅದು ಕೆಳಗಿರುತ್ತದೆ, ಎಷ್ಟು ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಉಳಿಯುತ್ತದೆ.

ಒಂದು ವಾರ ಓಡಿಸಿದ ಮೇಲೆ ಚಕ್ರ ಬಿಚ್ಚಿ, ಹೋಸನ್ನು ಒರೆಸದೆ ಟಾರ್ಚ್ ಹಿಡಿದು ನೋಡಿ. ಮೈತುಂಬ ಧೂಳು ಒಂದೇ ಸಮ ಕುಳಿತಿರಬೇಕು. ಎಲ್ಲಾದರೂ ಬೆರಳಗಲ ಧೂಳಿಲ್ಲದೆ ಕಪ್ಪಗೆ ಮಿರುಗುತ್ತಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ, ಬ್ರಾಕೆಟ್ಟನ್ನು ಇನ್ನೊಂದಿಷ್ಟು ಸರಿಸಿ.