ಬೇಲೂರಿನ ಕಂಬಕ್ಕೆ ಗುರುತ್ವದ ಜೊತೆ ಜಗಳವಿಲ್ಲ

ಮೂರ್ನಾಲ್ಕು ತಿಂಗಳಿಗೊಮ್ಮೆ ಆ ವಿಡಿಯೊ ಊರೆಲ್ಲ ಸುತ್ತಿ ಮತ್ತೆ ನಮ್ಮ ಮನೆ ಗ್ರೂಪಿಗೆ ಬರುತ್ತದೆ. ಬೇಲೂರು ಚೆನ್ನಕೇಶವ ದೇವಸ್ಥಾನದ ಅಂಗಳ, ಎತ್ತರದ ಕಲ್ಲುಕಂಬ, ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಒಬ್ಬರು ಕಂಬದ ಅಡಿಗೆ ಕಾಗದ ತೂರಿಸುತ್ತಿದ್ದಾರೆ. ಹಿನ್ನೆಲೆಯಲ್ಲಿ ಢಂ ಢಂ ಸಂಗೀತ. ಮೇಲೆ ದಪ್ಪಕ್ಷರ: ‘ಗುರುತ್ವಾಕರ್ಷಣೆಗೇ ಸವಾಲು! ವಿಜ್ಞಾನಿಗಳೇ ತಬ್ಬಿಬ್ಬು!’ ಈ ಸಲ ಕಳಿಸಿದ್ದು ಹಾಸನದಲ್ಲೇ ಇರುವ ನಮ್ಮ ಚಿಕ್ಕಪ್ಪ. ಜೊತೆಗೊಂದು ಸಾಲು: ‘ಇದಕ್ಕೇನಯ್ಯಾ ಹೇಳುತ್ತೆ ನಿನ್ನ ಸೈನ್ಸು?’

ಸೈನ್ಸು ಹೇಳುವುದು ಬಹಳ ಇದೆ, ಚಿಕ್ಕಪ್ಪ. ಮೊದಲನೆಯದು, ಯಾವ ವಿಜ್ಞಾನಿಯೂ ತಬ್ಬಿಬ್ಬಾಗಿಲ್ಲ. ಎರಡನೆಯದು, ಆ ಕಂಬ ನಿಂತಿರುವುದೇ ಗುರುತ್ವದಿಂದ. ಗುರುತ್ವ ಇಲ್ಲದಿದ್ದರೆ ಯಾವುದೋ ಮಗು ತಳ್ಳಿದರೂ ಸಾಕು, ಅದು ತೇಲಿಕೊಂಡು ಹೋಗುತ್ತಿತ್ತು. ‘ಸವಾಲು’ ಅನ್ನುವವರು ಶಿಲ್ಪಿಯನ್ನು ಹೊಗಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅವನ ಲೆಕ್ಕಾಚಾರವನ್ನೇ ಅಳಿಸಿ, ಆ ಜಾಗದಲ್ಲಿ ಮಾಯಮಂತ್ರ ಬರೆಯುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಕೆಳಗೆ ಅಯಸ್ಕಾಂತ ಹೂತಿದ್ದಾರೆ ಅನ್ನುವವರೂ ಇದ್ದಾರೆ. ಕಲ್ಲುಕಂಬಕ್ಕೆ ಅಯಸ್ಕಾಂತ ಏನು ಮಾಡೀತು? ಬಿಡಿ.

ಊರವರ ಬಾಯಲ್ಲಿ ಇದು ಕಾರ್ತಿಕ ದೀಪೋತ್ಸವದ ಕಂಬ. ಎತ್ತರ ಸುಮಾರು 42 ಅಡಿ. ವಿಷ್ಣುವರ್ಧನ 1117ರಲ್ಲಿ ಗುಡಿ ಕಟ್ಟಿಸಿದಾಗ ಇದು ಇರಲಿಲ್ಲ, ವಿಜಯನಗರದ ಕಾಲದಲ್ಲಿ ನಿಲ್ಲಿಸಿದ್ದು. ಅಂದರೆ ನಾಲ್ಕು ನೂರು ವರ್ಷಕ್ಕೆ ಕಡಿಮೆಯಂತೂ ಇಲ್ಲ. ಕಲ್ಲಿನ ಜಗಲಿಯ ಮೇಲೆ ಸುಮ್ನೆ ಇಟ್ಟಿದ್ದಾರೆ. ನೆಲಕ್ಕೆ ಹೂತಿಲ್ಲ. ಜಗಲಿಯ ಮಟ್ಟಕ್ಕೆ ತಲೆ ಬಗ್ಗಿಸಿದರೆ ಒಂದು ಕಡೆ ಸಣ್ಣ ಸಂದು ಕಾಣುತ್ತದೆ. ಕಾಗದ ಅಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಅದನ್ನು ಹಾಗೇ ಪಕ್ಕಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ತಡೆದು ನಿಲ್ಲುತ್ತದೆ. ವಿಡಿಯೊ ಮಾಡುವವರು ಕಾಗದ ಹೋಗುವ ಜಾಗ ತೋರಿಸುತ್ತಾರೆ, ತಡೆಯುವ ಜಾಗ ತೋರಿಸುವುದಿಲ್ಲ. ಕಂಬದ ಭಾರವೆಲ್ಲ ಇಳಿಯುವುದು ಆ ತಡೆಯುವ ಜಾಗದಲ್ಲಿ.

ಯಾವ ವಸ್ತುವಾದರೂ ಬೀಳದೆ ನಿಲ್ಲಲು ಒಂದೇ ಷರತ್ತು. ಅದರ ಗುರುತ್ವ ಕೇಂದ್ರದಿಂದ, ಅಂದರೆ ತೂಕವೆಲ್ಲ ಒಂದೆಡೆ ಸೇರಿದಂತಿರುವ ಬಿಂದುವಿನಿಂದ, ನೇರ ಕೆಳಕ್ಕೆ ಬಿಟ್ಟ ತೂಗುಗುಂಡಿನ ದಾರ, ಅದು ನೆಲ ಮುಟ್ಟುವ ಜಾಗಗಳನ್ನು ಸುತ್ತುವರಿದ ಗೆರೆಯ ಒಳಗೇ ಬೀಳಬೇಕು. ಗೆರೆಯೊಳಗೆ ಎಲ್ಲ ಕಡೆಯೂ ಕಲ್ಲಿಗೆ ಕಲ್ಲು ತಾಗಿರಬೇಕು ಅಂತೇನಿಲ್ಲ. ಹಳ್ಳಿ ಮನೆಯ ಮೂರು ಕಲ್ಲಿನ ಒಲೆ ನೋಡಿ. ದೊಡ್ಡ ಹಂಡೆಯ ಅಡಿಗೆ ತಾಗುವುದು ಮೂರೇ ಕಡೆ, ಉಳಿದದ್ದೆಲ್ಲ ಬೆಂಕಿ, ಹೊಗೆ, ಗಾಳಿ. ಹಂಡೆ ಅಲ್ಲಾಡುವುದಿಲ್ಲ. ನಾಲ್ಕು ಕಲ್ಲಿಟ್ಟರೆ ಒಂದಲ್ಲ ಒಂದು ಕಲ್ಲು ತಗ್ಗಾಗಿ ಹಂಡೆ ಕುಲುಕುತ್ತದೆ. ಮೂರು ಬಿಂದುಗಳ ಮೇಲೆ ಯಾವಾಗಲೂ ಒಂದು ಸಮತಲ ಕೂರುತ್ತದೆ, ನಾಲ್ಕನೆಯದು ಸರಿಯಾಗಿ ಅದೇ ಮಟ್ಟಕ್ಕೆ ಸಿಗುವುದು ಅದೃಷ್ಟ. ಉಳಿಯಲ್ಲಿ ಕೆತ್ತಿದ ಎರಡು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟರೆ ಎಲ್ಲೋ ಒಂದು ಕಡೆ ಸಂದು ಉಳಿಯುವುದು ಸಹಜ. ಸಂದೇ ಇಲ್ಲದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಇಲ್ಲೇ ಒಂದು ತಮಾಷೆ ಇದೆ. ‘ಕಂಬ ಮೂರೇ ಮೂಲೆಗಳ ಮೇಲೆ ನಿಂತಿದೆ’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಒಂದು ಹಾಳೆಯಲ್ಲಿ ಚೌಕ ಬರೆಯಿರಿ. ಮೂರು ಮೂಲೆ ಸೇರಿಸಿದರೆ ತ್ರಿಕೋನ ಆಯ್ತು. ಚೌಕದ ನಡುಮಧ್ಯ ಎಲ್ಲಿದೆ? ಸರಿಯಾಗಿ ಆ ತ್ರಿಕೋನದ ಉದ್ದನೆಯ ಬಾಹುವಿನ ಮೇಲೆ. ಕಂಬ ನಿಜವಾಗಿ ಮೂರು ಮೂಲೆಗಳ ಮೇಲೆ ಮಾತ್ರ ನಿಂತಿದ್ದರೆ ಅದರ ಭಾರ ಅಂಚಿನ ಮೇಲೇ ಕೂತಿರುತ್ತಿತ್ತು, ಒಂದು ಸಣ್ಣ ಗಾಳಿಗೂ ನಾಲ್ಕನೇ ಮೂಲೆಯ ಕಡೆ ವಾಲಬೇಕಿತ್ತು. ಹಾಗಾಗಿಲ್ಲ. ಅಂದರೆ ನಡುಮಧ್ಯದ ಆಚೆಗೂ ಎಲ್ಲೋ ಕಲ್ಲು ಕಲ್ಲಿಗೆ ತಾಗಿಯೇ ಇದೆ. ಇದನ್ನು ಹೇಳಲು ಬೇಲೂರಿಗೆ ಹೋಗಬೇಕಿಲ್ಲ, ಏಳನೇ ಕ್ಲಾಸಿನ ಜ್ಯಾಮಿತಿ ಸಾಕು.

ಗಾಳಿಯ ವಿಚಾರಕ್ಕೆ ಒಂದು ಅಂದಾಜು ಲೆಕ್ಕ. ಕಂಬದ ಸರಾಸರಿ ದಪ್ಪ ಎರಡಡಿ, ಬುಡ ಮೂರಡಿ ಅಗಲ ಅಂತ ಇಟ್ಟುಕೊಳ್ಳೋಣ. ಕಲ್ಲು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಆಗ ಕಂಬದ ತೂಕ ಹತ್ತಿರ ಹತ್ತಿರ 13 ಟನ್. ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿ ಹೊಡೆದರೂ ಅದನ್ನು ಉರುಳಿಸಲು ಬೇಕಾದಷ್ಟು ಒತ್ತಡ ಆಗುವುದಿಲ್ಲ. ಉರುಳಬೇಕಾದರೆ ತುದಿ ಮೂರಡಿಗೂ ಜಾಸ್ತಿ ಪಕ್ಕಕ್ಕೆ ವಾಲಬೇಕು. ಸಂದಿರುವ ಕಡೆಗೆ ಈ ರಿಯಾಯಿತಿ ಸ್ವಲ್ಪ ಕಡಿಮೆ, ಅಷ್ಟೇ.

ಇದೇ ನಿಯಮ ಮೈದಾನದಲ್ಲಿ ದಿನವೂ ನಡೆಯುತ್ತದೆ. ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ರೈಡರ್‌ನ ಎದೆಗೆ ನುಗ್ಗುವುದಿಲ್ಲ, ಪಾದದ ಗಂಟಿಗೆ ಬೀಳುತ್ತಾನೆ. ಬೋನಸ್ ಗೆರೆ ಮುಟ್ಟಲು ರೈಡರ್ ಒಂದು ಕಾಲು ಎತ್ತಿ ಮೈ ಚಾಚಿರುತ್ತಾನೆ. ಆ ಕ್ಷಣ ಅವನ ಕೆಳಗಿರುವ ಗೆರೆಯ ಅಳತೆ ಒಂದು ಪಾದದಷ್ಟು ಮಾತ್ರ. ಎತ್ತಿದ ಕಾಲನ್ನು ಹಿಡಿದುಬಿಟ್ಟರೆ ಅದನ್ನು ಮತ್ತೆ ನೆಲಕ್ಕೂರಿ ಗೆರೆ ದೊಡ್ಡದು ಮಾಡಿಕೊಳ್ಳಲು ಆಗುವುದಿಲ್ಲ. ಎಂಬತ್ತು ಕೆಜಿ ಆಳು ಅರವತ್ತು ಕೆಜಿ ಹುಡುಗನ ಕೈಲಿ ಮಣ್ಣು ಮುಕ್ಕುವುದು ಹೀಗೆ. ತೋಳಿನ ಬಲಕ್ಕಿಂತ ಜಾಗದ ಲೆಕ್ಕ ಜಾಸ್ತಿ ಕೆಲಸ ಮಾಡುತ್ತದೆ.

ಹೈಜಂಪ್ ಇದಕ್ಕಿಂತ ಮಜ. ಗುರುತ್ವ ಕೇಂದ್ರ ದೇಹದ ಒಳಗೇ ಇರಬೇಕು ಅಂತಿಲ್ಲ. ಬಳೆಯ ಕೇಂದ್ರ ಎಲ್ಲಿದೆ? ನಡುವಿನ ಖಾಲಿ ಜಾಗದಲ್ಲಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್‌ಬರಿ ಎಂಬ ಅಮೆರಿಕದ ಹುಡುಗ ಬೆನ್ನು ಕೆಳಗೆ ಮಾಡಿ, ತಲೆ ಮುಂದಾಗಿ ಅಡ್ಡಪಟ್ಟಿಯನ್ನು ದಾಟಿ 2.24 ಮೀಟರ್ ಹಾರಿ ಚಿನ್ನ ಗೆದ್ದ. ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿದಾಗ ದೇಹ ಪಟ್ಟಿಯ ಮೇಲೆ ಹೋಗುತ್ತದೆ, ಅದರ ಗುರುತ್ವ ಕೇಂದ್ರ ಮಾತ್ರ ಪಟ್ಟಿಯ ಕೆಳಗೇ ಹಾದು ಹೋಗಬಹುದು. ಅಷ್ಟು ಶ್ರಮ ಉಳಿತಾಯ. ಈಗ ಎಲ್ಲರದ್ದೂ ಅದೇ ದಾರಿ. ಕ್ಯೂಬಾದ ಜೇವಿಯರ್ ಸೊಟೊಮಯೊರ್ 1993ರಲ್ಲಿ ಹಾರಿದ 2.45 ಮೀಟರ್ ವಿಶ್ವದಾಖಲೆ, ನಮ್ಮ ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ ಹಾರಿದ 1.92 ಮೀಟರ್ ರಾಷ್ಟ್ರೀಯ ದಾಖಲೆ, ಎಲ್ಲವೂ ಫಾಸ್‌ಬರಿ ಶೈಲಿ. ಆದರೆ ನಮ್ಮ ಹಳ್ಳಿ ಶಾಲೆಗಳ ಮಕ್ಕಳು ಇನ್ನೂ ಕತ್ತರಿ ಕಾಲಲ್ಲೇ ಹಾರುತ್ತಾರೆ. ಮರಳಿನ ಗುಂಡಿಗೆ ಬೆನ್ನು ಅಡಿಯಾಗಿ ಬಿದ್ದರೆ ಕುತ್ತಿಗೆ ಉಳಿಯಬೇಕಲ್ಲ. ಫಾಸ್‌ಬರಿಯ ಕ್ರಾಂತಿಗೆ ಅರ್ಧ ಕಾರಣ ದಪ್ಪನೆಯ ಫೋಮ್ ಹಾಸಿಗೆ.

ಕಂಬಕ್ಕೆ ವಾಪಸ್ ಬರೋಣ. ‘ಜಗತ್ತಿನಲ್ಲೇ ಇಂಥದ್ದು ಇನ್ನೊಂದಿಲ್ಲ’ ಅನ್ನುವುದು ವಿಡಿಯೊಗಳ ಎರಡನೇ ಸುಳ್ಳು. ಜಗತ್ತು ದೂರ ಉಳಿಯಿತು, ನಮ್ಮ ಜಿಲ್ಲೆಯಲ್ಲೇ ಇದೆ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಚಾವುಂಡರಾಯನ ಕಾಲದ ತ್ಯಾಗದ ಕಂಬ ಇದೆಯಲ್ಲ, ಅದರ ಅಡಿಗೂ ಕರವಸ್ತ್ರ ತೂರಿಸಬಹುದು ಎಂಬ ಮಾತು ಬಹಳ ಹಳೆಯದು. ಅದೇ ಬೆಟ್ಟದ ಗೊಮ್ಮಟನ ಕಥೆ ಬೇರೆ. ಸುಮಾರು 57 ಅಡಿಯ ಮೂರ್ತಿ ಬೆಟ್ಟದ ಬಂಡೆಯಿಂದಲೇ ಕೆತ್ತಿದ್ದು, ಅದನ್ನು ಯಾರೂ ಎತ್ತಿ ನಿಲ್ಲಿಸಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹೋದವರು ಈಜಿಪ್ಟಿನ ಕಲ್ಲುಸ್ತಂಭ ನೋಡಿರುತ್ತೀರಿ. ಮೂರನೇ ಥಟ್‌ಮೋಸ್ ಎಂಬ ದೊರೆ ಕೆತ್ತಿಸಿದ್ದು, ಎತ್ತರ 21 ಮೀಟರ್, ತೂಕ 200 ಟನ್. ಅದರ ಬುಡದ ಮೂಲೆಗಳು ಹಿಂದೆಯೇ ಮುರಿದುಹೋಗಿದ್ದವು. ಅದನ್ನು ಅಲೆಕ್ಸಾಂಡ್ರಿಯಕ್ಕೆ ಸಾಗಿಸಿದ ರೋಮನ್ನರು ಮೂಲೆಗಳ ಕೆಳಗೆ ಕಂಚಿನ ಏಡಿಗಳನ್ನು ಮಾಡಿ ಇಟ್ಟರು. 1881ರಲ್ಲಿ ನ್ಯೂಯಾರ್ಕಿನಲ್ಲಿ ನಿಲ್ಲಿಸಿದಾಗಲೂ ಏಡಿಗಳ ಮೇಲೇ ನಿಲ್ಲಿಸಿದರು. ಕಾಗದ ಏನು, ಅಲ್ಲಿ ಕೈಯೇ ತೂರಿಸುವಷ್ಟು ಸಂದು.

ಲೇಪಾಕ್ಷಿಯ ತೂಗುಕಂಬವನ್ನು ಇದರ ಜೊತೆ ಸೇರಿಸಬೇಡಿ. ಅದಕ್ಕೆ ಮೇಲೆ ಚಾವಣಿ ಇದೆ, ಲೆಕ್ಕ ಬೇರೆ.

ಅಡಿಪಾಯ ಇಲ್ಲ ಅನ್ನುವುದೇ ಜನರಿಗೆ ದೊಡ್ಡ ಬೆರಗು. ಅಡಿಪಾಯ ಹಾಕಿಯೂ ಪೇಚಿಗೆ ಸಿಕ್ಕಿದ್ದು ಪೀಸಾ ಗೋಪುರ. ಇಲ್ಲಿ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲೇ ಅಲ್ಲಿ ಅದರ ಕೆಲಸ ಶುರುವಾಯಿತು. ಮೂರನೇ ಅಂತಸ್ತು ಏರುವಷ್ಟರಲ್ಲಿ ವಾಲಲು ಹತ್ತಿತು. ಕಾರಣ ಅಡಿಯ ಮೆತ್ತನೆ ಜೇಡಿ. ವಾಲಿಕೆ ಐದೂವರೆ ಡಿಗ್ರಿಗೆ ಬಂದಾಗ, 1990ರಲ್ಲಿ, ಬಾಗಿಲು ಹಾಕಿದರು. ಎತ್ತರದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ಕೆರೆದು ತೆಗೆದು ನಾಲ್ಕು ಡಿಗ್ರಿಯ ಹತ್ತಿರ ತಂದು 2001ರಲ್ಲಿ ಮತ್ತೆ ತೆರೆದರು. ನೆಲ ಗಟ್ಟಿ ಇದ್ದರೆ ಹೂಳುವ ಅಗತ್ಯವೇ ಇಲ್ಲ. ನೆಲ ಮೆತ್ತಗಿದ್ದರೆ ಆಳದ ಪಾಯ ಬೇಕು.

ಈಗ ನನಗೆ ತುಂಬ ಇಷ್ಟದ ಭಾಗ. ಭೂಕಂಪ ಆದರೆ?

1960ರಲ್ಲಿ ಚಿಲಿಯಲ್ಲಿ 9.5 ತೀವ್ರತೆಯ ಭೂಕಂಪ ಆಯಿತು. ಉಪಕರಣಗಳಲ್ಲಿ ದಾಖಲಾದವುಗಳಲ್ಲಿ ಅದೇ ಅತಿ ದೊಡ್ಡದು. ಆಮೇಲೆ ಹೋಗಿ ನೋಡಿದರೆ ಒಂದು ವಿಚಿತ್ರ: ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಕೆಲವು ಕಾಂಕ್ರೀಟ್ ನೀರಿನ ತೊಟ್ಟಿಗಳು ಹಾಳಾಗಿದ್ದವು. ಸಣ್ಣ ಕಾಲಿನ ಮೇಲೆ ದೊಡ್ಡ ತಲೆ ಹೊತ್ತಿದ್ದ, ಈಗಲೋ ಆಗಲೋ ಬೀಳುವಂತಿದ್ದ ತೊಟ್ಟಿಗಳು ನಿಂತೇ ಇದ್ದವು. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಎಂಜಿನಿಯರ್ ಜಾರ್ಜ್ ಹೌಸ್ನರ್ 1963ರಲ್ಲಿ ಇದರ ಗಣಿತ ಬಿಡಿಸಿದರು. ನೆಲ ಅಲುಗಿದಾಗ ಸಡಿಲವಾಗಿ ನಿಂತ ಕಂಬ ಒಂದು ಅಂಚಿನ ಮೇಲೆ ಎದ್ದು ತೂಗಾಡುತ್ತದೆ. ಏಳುವಾಗ ಅದರ ಗುರುತ್ವ ಕೇಂದ್ರವೂ ಮೇಲಕ್ಕೇರಬೇಕು. ಕಂಬದ ಭಾರವೇ ಅದನ್ನು ವಾಪಸ್ ಕೆಳಕ್ಕೆ ಎಳೆಯುತ್ತದೆ. ಬುಡ ಮತ್ತೆ ಜಗಲಿಗೆ ಬಡಿದಾಗ ಸ್ವಲ್ಪ ಶಕ್ತಿ ಕರಗುತ್ತದೆ, ಇನ್ನೊಂದು ಅಂಚಿಗೆ ಏಳುವಾಗ ಅಷ್ಟೆತ್ತರ ಏಳುವುದಿಲ್ಲ. ಉರುಳಬೇಕಾದರೆ ಒಂದೇ ದಿಕ್ಕಿಗೆ ಸಾಕಷ್ಟು ಹೊತ್ತು ನೂಕು ಸಿಗಬೇಕು. ಭೂಕಂಪದ ಅಲುಗಾಟ ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುತ್ತದೆ. ಕಂಬ ಅತ್ತ ವಾಲುವ ಮೊದಲೇ ನೆಲ ಇತ್ತ ಬಂದಿರುತ್ತದೆ.

ಇದರಿಂದ ಹೊರಡುವ ಸೂತ್ರ ತಲೆಕೆಳಗು ಅನ್ನಿಸುವಂಥದ್ದು: ಒಂದೇ ಆಕಾರದ ಎರಡು ಕಂಬಗಳಲ್ಲಿ ದೊಡ್ಡದೇ ಹೆಚ್ಚು ಭದ್ರ. ಬೀಳಲು ಹಿಡಿಯುವ ಹೊತ್ತು ಎತ್ತರದ ವರ್ಗಮೂಲದಂತೆ ಬೆಳೆಯುತ್ತದೆ. ಬೇಲೂರಿನ ಕಂಬದ ಒಂದಡಿ ಮಾದರಿ ಮಾಡಿ ಮೇಜಿನ ಮೇಲಿಟ್ಟರೆ, ಅಸಲಿ ಕಂಬ ಅದಕ್ಕಿಂತ ಸುಮಾರು ಆರೂವರೆ ಪಟ್ಟು ನಿಧಾನ. 42ರ ವರ್ಗಮೂಲ ಅಷ್ಟೇ ಬರುತ್ತದೆ. ಚಾಕ್‌ಪೀಸ್ ನಿಲ್ಲಿಸಿ ಮೇಜಿಗೆ ಮೆಲ್ಲಗೆ ಗುದ್ದಿ, ತಟ್ಟನೆ ಬೀಳುತ್ತದೆ. ಅದೇ ಗುದ್ದು ಆ ಕಂಬಕ್ಕೆ ಗೊತ್ತೇ ಆಗುವುದಿಲ್ಲ. ಕಂಬವನ್ನು ಗಟ್ಟಿಯಾಗಿ ಹೂತಿದ್ದರೆ ತೂಗಾಡಲು ಆಗದೆ ನೆಲಮಟ್ಟದಲ್ಲಿ ಮುರಿಯುವ ಭಯ ಇರುತ್ತಿತ್ತು, ಕಲ್ಲು ಬಗ್ಗುವ ಜಾತಿಯಲ್ಲ. ನ್ಯೂಜಿಲೆಂಡಿನ ದಕ್ಷಿಣ ರಂಗಿಟಿಕಿ ರೈಲು ಸೇತುವೆಯ ಕಂಬಗಳು, 1981ರದ್ದು, ಭೂಕಂಪದಲ್ಲಿ ಬುಡ ಎತ್ತಿ ತೂಗಾಡಲಿ ಎಂದೇ ವಿನ್ಯಾಸ ಮಾಡಿದವು. ಹಾಗಂತ ನಮ್ಮ ಶಿಲ್ಪಿಗೆ ಇದೆಲ್ಲ ಗೊತ್ತಿತ್ತು ಅಂತ ಹೊಸ ವಿಡಿಯೊ ಮಾಡಬೇಡಿ ಮತ್ತೆ. ಭಾರದ ಕಲ್ಲು, ಸಮ ಜಗಲಿ, ನೆಟ್ಟಗಿನ ತೂಗುಗುಂಡು, ಇಷ್ಟು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಳಿದದ್ದು ಅದರ ಹಿಂದೆ ತಾನಾಗಿ ಬಂತು.

ನಿಜವಾಗಿ ಕಷ್ಟದ ಕೆಲಸ ನಿಲ್ಲುವುದಲ್ಲ, ನಿಲ್ಲಿಸುವುದು. ಮಲಗಿದ ಹತ್ತಾರು ಟನ್ ಕಲ್ಲು ನಡುವೆ ಮುರಿಯದೆ ಎದ್ದು ಕೂರಬೇಕು. ರೋಮಿನ ವ್ಯಾಟಿಕನ್ ಸ್ತಂಭವನ್ನು 1586ರಲ್ಲಿ ಡೊಮೆನಿಕೊ ಫಾಂಟಾನ ಸ್ಥಳಾಂತರ ಮಾಡಿದಾಗ ಬರೆದಿಟ್ಟ ಲೆಕ್ಕ ಇದೆ. 300 ಟನ್ನಿಗೂ ಮೇಲ್ಪಟ್ಟ ಕಲ್ಲಿಗೆ 900 ಜನ, ಹಗ್ಗ ಸುತ್ತುವ 40 ತಿರುಗಣೆ, ಹತ್ತಾರು ಕುದುರೆ. ಏಪ್ರಿಲ್‌ನಲ್ಲಿ ಎತ್ತಿದ್ದು ಹೊಸ ಜಾಗದಲ್ಲಿ ನೆಟ್ಟಗೆ ನಿಂತಾಗ ಸೆಪ್ಟೆಂಬರ್. ಬೇಲೂರಿನ ಅಂಗಳದಲ್ಲಿ ನಿಂತವರು ಕಾಗದ ಬಿಟ್ಟು ಕತ್ತೆತ್ತಿ ತುದಿ ನೋಡಿದರೆ ಆ ಮೈಬೆವರಿನ ಅಂದಾಜು ಸಿಕ್ಕೀತು.

ಕಂಬದಿಂದ ವಿಜ್ಞಾನಕ್ಕೆ ಇನ್ನೊಂದು ಉಪಯೋಗ ಇದೆ. ಅಮೆರಿಕದ ನೆವಾಡ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂನ್ 1990ರ ದಶಕದಲ್ಲಿ ಮರುಭೂಮಿಯಲ್ಲಿ ಬೀಳುವಂತೆ ನಿಂತ ಬಂಡೆಗಳನ್ನು ಹುಡುಕಿಕೊಂಡು ಹೋದರು. ಇಂಥ ಬಂಡೆಯನ್ನು ಉರುಳಿಸಲು ಎಷ್ಟು ಅಲುಗಾಟ ಬೇಕು ಅಂತ ಲೆಕ್ಕ ಹಾಕಿದರೆ, ಅದು ನಿಂತಷ್ಟು ಕಾಲ ಅಲ್ಲಿ ಅದಕ್ಕಿಂತ ಜೋರಾದ ಭೂಕಂಪ ಆಗಿಲ್ಲ ಅಂತ ಅರ್ಥ. ಭೂಕಂಪಮಾಪಕ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ದಾಖಲೆ ಅದು. ಹಾಸನದ ನೆಲ 300 ಕೋಟಿ ವರ್ಷಕ್ಕೂ ಹಳೆಯ ಬಂಡೆ, ಶಾಂತ ಸ್ವಭಾವದ್ದು. ಎಷ್ಟು ಶಾಂತ ಎಂಬುದಕ್ಕೆ ಒಂದು ಅಂಕಿ ಕಂಬದಿಂದಲೇ ಸಿಗಬಹುದು. ಬೇಕಾದದ್ದು ಕಂಬದ ಪೂರ್ತಿ ಆಕಾರದ ಲೇಸರ್ ಅಳತೆ, ಜೊತೆಗೆ ಬುಡದ ನಕ್ಷೆ: ಎಲ್ಲಿ ಕಾಗದ ಹೋಗುತ್ತದೆ, ಎಲ್ಲಿ ತಡೆಯುತ್ತದೆ. ಅದನ್ನು ಸುತ್ತಲೂ ಕೂತು ಬರೆದುಕೊಳ್ಳಲು ಒಂದು ಬೆಳಗ್ಗೆ ಸಾಕು, ಪುರಾತತ್ವ ಇಲಾಖೆಯ ಅನುಮತಿ ಇದ್ದರೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುತ್ತಾ ಸಿವಿಲ್ ಹುಡುಗರು ಬೆಂಗಳೂರಿಗೆ ಓಡುವ ಮೊದಲು ಇದನ್ನೊಮ್ಮೆ ನೋಡಬಹುದು.