ಎಂಜಿನ್ ಆಯಿಲ್ ತಾನಾಗಿ ಜಾಸ್ತಿ ಆದರೆ

ಡೀಸೆಲ್ ಪಿಕಪ್‌ನ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆಯುತ್ತೀರಿ. ಹೋದ ತಿಂಗಳು ಎರಡು ಗುರುತುಗಳ ನಡುವೆ ಇದ್ದ ಆಯಿಲ್ ಈಗ ಮೇಲಿನ ಗುರುತನ್ನೂ ದಾಟಿದೆ. ಯಾರೂ ಸುರಿದಿಲ್ಲ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಆಯಿಲ್ ಕಡಿಮೆ ಆಗೋದು ಎಲ್ಲರಿಗೂ ಗೊತ್ತು. ಜಾಸ್ತಿ ಆಗೋದು ಹೇಗೆ?

ಉತ್ತರ ಸೈಲೆನ್ಸರ್ ಕಡೆ ಇದೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ದಾರಿಗೆ ಅಡ್ಡವಾಗಿ ಮಸಿ ಹಿಡಿಯುವ ಫಿಲ್ಟರ್ ಕೂರಿಸಿರುತ್ತಾರೆ. ಅದು ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮಸಿಯನ್ನು ಸುಡಬೇಕು. ಅಷ್ಟು ಬಿಸಿ ತರಲು ಅನೇಕ ಎಂಜಿನ್‌ಗಳು ಪಿಸ್ಟನ್ ಕೆಳಗಿಳಿಯುವ ಹೊತ್ತಿಗೆ ಇನ್ನೊಂಚೂರು ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್‌ಗಳ ಸಂದಿಯಿಂದ ಆಯಿಲ್‌ಗೆ ಇಳಿಯುತ್ತದೆ. ಗಾಡಿ ದೂರ ಓಡಿದರೆ ಈ ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಹತ್ತು ನಿಮಿಷಕ್ಕೇ ಆಫ್ ಮಾಡಿದರೆ ಅರ್ಧಕ್ಕೆ ನಿಲ್ಲುತ್ತದೆ, ನಾಳೆ ಮತ್ತೆ ಮೊದಲಿಂದ ಶುರು. ಹೀಗೆ ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಸರಿಯಾಗಿ ಕಾಪಾಡುವುದಿಲ್ಲ.

ಹಾಗಾದರೆ ಪೆಟ್ರೋಲ್‌ಗಿಂತ ಡೀಸೆಲ್ ಎಂಜಿನ್ ಹೆಚ್ಚು ಬಾಳುತ್ತದೆ, 'ಡೀಸೆಲ್ ಅಂದ್ರೆ ಗಟ್ಟಿ' ಅನ್ನೋ ಮಾತು ಸುಳ್ಳಾ? ಅಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಇರಲಿಲ್ಲ. ಇವತ್ತಿಗೂ ಇಲ್ಲ. ಗಾಳಿಯನ್ನೇ 15ರಿಂದ 20 ಪಟ್ಟು ಅದುಮಿದರೆ ಅದು 500 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ, ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಅದುಮುವುದು ಹತ್ತು ಪಟ್ಟಿನ ಆಸುಪಾಸು. ಈ ಒತ್ತಡ ತಾಳಲೆಂದೇ ಡೀಸೆಲ್‌ನ ಬ್ಲಾಕ್, ಕ್ರ್ಯಾಂಕ್ ಶಾಫ್ಟ್, ಕನೆಕ್ಟಿಂಗ್ ರಾಡ್ ಎಲ್ಲ ದಪ್ಪ. ಜೊತೆಗೆ ಅದು ನಿಧಾನಿ. ಭಾರ ಹೊತ್ತು ಏರು ಹತ್ತುವಾಗ ಡೀಸೆಲ್ ನಿಮಿಷಕ್ಕೆ 2,000 ಸುತ್ತು ತಿರುಗಿ, ಪೆಟ್ರೋಲ್ 4,000 ಸುತ್ತು ತಿರುಗಿತು ಅನ್ನಿ. ಒಂದೇ ಗಂಟೆಯಲ್ಲಿ 1,20,000 ಸುತ್ತಿನ ವ್ಯತ್ಯಾಸ! ಸವೆತ ಎಲ್ಲಿ ಜಾಸ್ತಿ ಅಂತ ಬೇರೆ ಹೇಳಬೇಕಿಲ್ಲ.

ಗಟ್ಟಿ ಇರುವುದು ಕಬ್ಬಿಣ. ಅದರ ಸುತ್ತ ಜೋಡಿಸಿದ್ದು ಅಷ್ಟು ಗಟ್ಟಿ ಅಲ್ಲ. ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ 'ಕಾಮನ್ ರೈಲ್' ವ್ಯವಸ್ಥೆಯ ಪಂಪ್ 2,000 ಬಾರ್ ಆಸುಪಾಸಿನ, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 2,000 ಪಟ್ಟು ಒತ್ತಡದಲ್ಲಿ ಡೀಸೆಲ್ ತಳ್ಳುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಳಗಿನ ಸಂದಿ ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಪಂಪ್‌ಗೆ ಜಿಡ್ಡು ಕೊಡುವುದು ಕೂಡ ಡೀಸೆಲ್ಲೇ. ನೀರು ಸೇರಿದರೆ, ಇಲ್ಲವೇ ಮರೆತು ಪೆಟ್ರೋಲ್ ಹಾಕಿದರೆ ಪಂಪ್ ಒಣಗಿ ಉಜ್ಜಿಕೊಳ್ಳುತ್ತದೆ. ಅದರ ಲೋಹದ ಪುಡಿ ಇಂಜೆಕ್ಟರ್‌ಗಳ ತನಕ ಹೋದರೆ ಪಂಪ್, ಪೈಪ್, ಇಂಜೆಕ್ಟರ್ ಎಲ್ಲವನ್ನೂ ಬದಲಿಸಬೇಕಾಗಬಹುದು. ಅದಕ್ಕೇ ಡೀಸೆಲ್ ಫಿಲ್ಟರ್‌ನ ತಳದಲ್ಲಿ ನಿಂತ ನೀರನ್ನು ಬಸಿಯುವ ಕೆಲಸ ಮರೆಯಬಾರದು. ಆಯಿಲ್ ಕೂಡ ಜಾಸ್ತಿ ಬೇಕು: ದೊಡ್ಡ ಡೀಸೆಲ್ ಪಿಕಪ್‌ಗೆ 12 ಲೀಟರ್ ಹಿಡಿಯುವಲ್ಲಿ ಪೆಟ್ರೋಲ್‌ಗೆ 7-8 ಲೀಟರ್ ಸಾಕು. ಮೇಲೆ ಅನೇಕ ಗಾಡಿಗಳಲ್ಲಿ ಹೊಗೆಯ ವಿಷಾನಿಲ ತಗ್ಗಿಸುವ ಯೂರಿಯಾ ದ್ರವ ತುಂಬಿಸುವ ಕೆಲಸ ಬೇರೆ.

ಪೆಟ್ರೋಲ್ ಪಿಕಪ್‌ನ ಆರೈಕೆ ಇದರ ಮುಂದೆ ಸರಳ. ಆಯಿಲ್, ಏರ್ ಫಿಲ್ಟರ್, ಕೂಲೆಂಟ್, ಬಹಳ ದಿನಕ್ಕೊಮ್ಮೆ ಸ್ಪಾರ್ಕ್ ಪ್ಲಗ್. ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೆ ಚಿಮ್ಮಿಸುವ ನೇರ ಇಂಜೆಕ್ಷನ್ ಇದ್ದರೆ ಗಾಳಿ ಒಳಬಿಡುವ ವಾಲ್ವ್‌ಗಳ ಮೇಲೆ ಕರಿ ಕಟ್ಟುತ್ತದೆ, ಅದೊಂದು ತಲೆನೋವು. ಟರ್ಬೊ ಇದ್ದರೆ ಇನ್ನೊಂದು. ದಿನಾ ಟ್ರೇಲರ್ ಎಳೆಯದವರು ಸುಮ್ನೆ ಡೀಸೆಲ್ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಹಳೇ ಪಿಕಪ್ ಕೊಳ್ಳುವವರು ಕಿಲೋಮೀಟರ್ ಮಾತ್ರ ನೋಡುತ್ತಾರೆ. ಅನೇಕ ಪಿಕಪ್‌ಗಳಲ್ಲಿ ಎಂಜಿನ್ ಓಡಿದ ಗಂಟೆಯ ಲೆಕ್ಕವೂ ಸಿಗುತ್ತದೆ. ಭಾಗಿಸಿ ನೋಡಿ. 5,000 ಗಂಟೆಯಲ್ಲಿ 3,00,000 ಕಿ.ಮೀ. ಅಂದರೆ ಸರಾಸರಿ 60ರ ವೇಗ, ರಸ್ತೆಯಲ್ಲೇ ಬೆಳೆದ ಗಾಡಿ. ಅಷ್ಟೇ ಗಂಟೆಯಲ್ಲಿ 1,00,000 ಅಂದರೆ ಬರೀ 20. ಎಂಜಿನ್ ಆಫ್ ಮಾಡದೆ ನಿಂತಲ್ಲೇ ನಿಂತು ಮಸಿ ಕಟ್ಟಿಸಿಕೊಂಡಿರಬಹುದು. ಡೀಸೆಲ್ ಆದರೆ ನಾನು ಮೊದಲನೆಯದನ್ನೇ ಕೊಳ್ಳುತ್ತೇನೆ.