ಬಾಡಿ ಅರ್ತ್: ನೆಲ ಮುಟ್ಟದ ಅರ್ತ್

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಯಾವುದಾದರೂ ಆಟೊ ಎಲೆಕ್ಟ್ರಿಷಿಯನ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಒಂದೇ ಪದ ಮೂರು ಬೇರೆ ಅರ್ಥದಲ್ಲಿ ಕಿವಿಗೆ ಬೀಳುತ್ತದೆ. ‘ಅರ್ತ್ ಹೋಗೇತಿ’ ಅಂದರೆ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಕಡಿದಿದೆ ಎಂದು. ‘ವೈರು ಅರ್ತ್ ಆಗೇತಿ’ ಅಂದರೆ ಅದರ ತದ್ವಿರುದ್ಧ: ಪ್ಲಸ್ ವೈರಿನ ತೊಗಟೆ ಸವೆದು ಗಾಡಿಯ ಬಾಡಿಯ ಲೋಹಕ್ಕೆ ತಾಗಿದೆ, ಫ್ಯೂಸ್ ಹಾರಿದೆ. ‘ಅರ್ತ್ ಹೊಡೀತೈತಿ’ ಅಂದರೆ ಮುಟ್ಟಿದವರಿಗೆ ಶಾಕ್. ಒಂದರಲ್ಲಿ ಸಂಪರ್ಕ ಇಲ್ಲದ್ದೇ ರೋಗ, ಇನ್ನೊಂದರಲ್ಲಿ ಬೇಡದ ಕಡೆ ಸಂಪರ್ಕ ಆಗಿದ್ದೇ ರೋಗ. ಫೋನಿನಲ್ಲಿ ‘ಅರ್ತ್ ಪ್ರಾಬ್ಲಂ’ ಎಂದಷ್ಟೇ ಹೇಳಿದರೆ ಕೇಳಿದವನಿಗೆ ಏನೂ ತಿಳಿಯುವುದಿಲ್ಲ.

ಶಾಲೆಯ ಪುಸ್ತಕದ ‘ಭೂಸಂಪರ್ಕ’ ಎಂಬ ಪದ ಮನೆಗೆ ಸರಿ. ಅಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಹೂತು, ಹಸಿರು ವೈರನ್ನು ನಿಜವಾಗಿಯೂ ನೆಲಕ್ಕೆ ಕೊಡುತ್ತಾರೆ. ಗಾಡಿಯ ಬಾಡಿ ಅರ್ತ್‌ಗೂ ನೆಲಕ್ಕೂ ಸಂಬಂಧವೇ ಇಲ್ಲ. ನಡುವೆ ರಬ್ಬರ್ ಟೈರು ಇವೆ. (ಪೆಟ್ರೋಲ್ ಟ್ಯಾಂಕರ್ ಹಿಂದೆ ನೆಲಕ್ಕೆ ಎಳೆದಾಡುತ್ತಿದ್ದ ಸರಪಳಿ ಬೇರೆ ಕಥೆ. ಅದು ಸ್ಟ್ಯಾಟಿಕ್ ಇಳಿಸಲು, ಲೈಟು ಉರಿಸಲು ಅಲ್ಲ.) ಬಾಡಿ ಅರ್ತ್ ಎಂದರೆ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬನ್ನೋ ಮೀಟರನ್ನೋ ದಾಟಿ ಮೈನಸ್‌ಗೆ ಮರಳಲು ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಕಬ್ಬಿಣವನ್ನೇ ವೈರಿನಂತೆ ಬಳಸುವ ಏರ್ಪಾಟು. ಪ್ರತಿ ಬಲ್ಬಿಗೂ ಎರಡೆರಡು ವೈರು ಎಳೆಯುವ ಬದಲು ಒಂದೇ ಎಳೆದು ತಾಮ್ರ ಉಳಿಸಿದರು. 1960ರ ದಶಕದವರೆಗಿನ ಅನೇಕ ಇಂಗ್ಲಿಷ್ ಗಾಡಿಗಳಲ್ಲಿ ಚಾಸಿಗೆ ಕೊಟ್ಟಿದ್ದು ಪ್ಲಸ್. ಈಗ ಸಾಮಾನ್ಯವಾಗಿ ಎಲ್ಲ ಕಡೆ ಮೈನಸ್.

ಹೊಸ ಗಾಡಿಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಇಪ್ಪತ್ತೈದು ಮೂವತ್ತು ವರ್ಷದ ಟ್ರಾವೆಲರ್ ಅಥವಾ ಮಟಡಾರ್ ವ್ಯಾನ್ ಕೊಂಡು, ಹಿಂದೆ ಮಂಚ, ಸಿಂಕು, ಫ್ಯಾನು ಹಾಕಿಸಿ ಕ್ಯಾರವಾನ್ ಮಾಡಿಸಿದಾಗ ತಾಪತ್ರಯ ಶುರುವಾಗುತ್ತದೆ. ಚಾಸಿಗೆ ತುಕ್ಕು, ಅದರ ಮೇಲೆ ಅಂಡರ್‌ಕೋಟಿಂಗ್, ಅದರ ಮೇಲೆ ಚಿತ್ರದುರ್ಗದ ಕೆಂಪು ಧೂಳು ಮಳೆಗೆ ನೆಂದು ಗಟ್ಟಿಯಾದ ಪದರ. ಹಿಂದಿನ ಬಾಡಿಯೋ ಪ್ಲೈವುಡ್, ಫೈಬರ್, ಅಲ್ಯೂಮಿನಿಯಂ ಶೀಟು. ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ‘ಅರ್ತ್ ಕೊಟ್ಟೀನಿ’ ಅಂದರೆ ಅದು ಅರ್ತ್ ಅಲ್ಲ, ಬರೀ ಸ್ಕ್ರೂ.

ಬಲ್ಬು ಮಂಕಾದರೆ ಕಣ್ಣಿಗೆ ಕಾಣುತ್ತದೆ. ಮೀಟರ್ ಹಾಗಲ್ಲ, ತಪ್ಪನ್ನೂ ನಿಜದಷ್ಟೇ ಗಟ್ಟಿಯಾಗಿ ತೋರಿಸುತ್ತದೆ. ಡೀಸೆಲ್ ಮೀಟರ್ ಟ್ಯಾಂಕಿನೊಳಗೆ ಇಣುಕಿ ನೋಡುವುದಿಲ್ಲ. ಟ್ಯಾಂಕಿನ ಮೇಲಿನ ಯೂನಿಟ್ಟಿನಲ್ಲಿ ಫ್ಲೋಟು ಏರಿಳಿದಂತೆ ಒಂದು ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ, ಅದರ ಅಳತೆ ಓಮ್) ಹೆಚ್ಚುಕಡಿಮೆ ಆಗುತ್ತದೆ. ಮೀಟರಿನಿಂದ ಬಂದ ಕರೆಂಟು ಅದನ್ನು ದಾಟಿ, ಯೂನಿಟ್ಟಿನ ಫ್ಲೇಂಜಿನಿಂದ (ಟ್ಯಾಂಕಿನ ಮೇಲೆ ಕೂರುವ ಲೋಹದ ಅಂಚಿನಿಂದ) ಟ್ಯಾಂಕಿಗೆ, ಟ್ಯಾಂಕಿನ ಪಟ್ಟಿಯಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಹೋಗುತ್ತದೆ. ಮುಳ್ಳು ತೋರಿಸುವುದು ಈ ಇಡೀ ಸುತ್ತಿನ ಓಮ್‌ಗಳ ಮೊತ್ತವನ್ನು. ಪಟ್ಟಿಯ ಕೆಳಗಿನ ತುಕ್ಕು 40 ಓಮ್ ಸೇರಿಸಿದರೆ ಮೀಟರ್ ಅದನ್ನೂ ಡೀಸೆಲ್ ಲೆಕ್ಕಕ್ಕೇ ಹಿಡಿಯುತ್ತದೆ.

ಅದು ಹೆಚ್ಚು ತೋರಿಸುತ್ತದೋ ಕಡಿಮೆಯೋ ಎಂಬುದು ಯೂನಿಟ್ ಯಾವ ಜಾತಿಯದು ಎನ್ನುವುದರ ಮೇಲೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಜಾತಿಗೆ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33. ಯೂರೋಪಿನ ಇನ್ನೊಂದಕ್ಕೆ ಖಾಲಿಗೆ 10, ತುಂಬಿದಾಗ 180. ಮೊದಲನೆಯದರಲ್ಲಿ ಕೆಟ್ಟ ಅರ್ತ್‌ನ 40 ಓಮ್ ಸೇರಿದರೆ ತುಂಬಿದ ಟ್ಯಾಂಕು ಐದರಲ್ಲಿ ನಾಲ್ಕು ಪಾಲಿನಷ್ಟು ಕಾಣುತ್ತದೆ. ಬಂಕಿನವನ ಮೇಲೆ ಅನುಮಾನ ಬರುತ್ತದೆ, ಬೇರೆ ನಷ್ಟವಿಲ್ಲ. ಎರಡನೆಯದರಲ್ಲಿ ಅದೇ 40 ಓಮ್ ಸೇರಿ 10 ಇದ್ದದ್ದು 50 ಆಗುತ್ತದೆ, ಬತ್ತಿದ ಟ್ಯಾಂಕು ಹೆಚ್ಚುಕಮ್ಮಿ ಕಾಲು ಟ್ಯಾಂಕಿನಂತೆ ಕಾಣುತ್ತದೆ. 60 ಲೀಟರ್ ಟ್ಯಾಂಕಾದರೆ ಇಲ್ಲದ 14 ಲೀಟರ್ ನಂಬಿಕೊಂಡು ಚಿತ್ರದುರ್ಗ ದಾಟಿ, ಹಿರಿಯೂರಿಗೆ ಮೊದಲೇ ಹೆದ್ದಾರಿ ಪಕ್ಕ ನಿಂತು ಡೀಸೆಲ್ ಲೈನಿನ ಏರ್ ತೆಗೆಯುವ ಕೆಲಸ ಬೀಳುತ್ತದೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ಯೂನಿಟ್ಟಿನ ವೈರು ಬಿಚ್ಚಿ, ಟರ್ಮಿನಲ್ಲಿಗೂ ಫ್ಲೇಂಜಿಗೂ ನಡುವೆ ಓಮ್ ಅಳೆದು ಬರೆದಿಡಿ. 10 ಲೀಟರ್ ಹಾಕಿಸಿ ಮತ್ತೆ ಅಳೆಯಿರಿ. ಏರಿತೋ ಇಳಿಯಿತೋ, ಅಷ್ಟೇ ಸಾಕು.

ಟೆಂಪರೇಚರ್ ಸೆನ್ಸರ್ ವಿಷಯದಲ್ಲಿ ಒಂದೇ ದಿಕ್ಕು, ಅದೂ ಅಪಾಯದ ದಿಕ್ಕು. ಸಾಮಾನ್ಯ ಸೆನ್ಸರ್ ತಣ್ಣಗಿದ್ದಾಗ ಹೆಚ್ಚು ಓಮ್, ಬಿಸಿಯಾದಷ್ಟೂ ಕಡಿಮೆ. ಅರ್ತ್ ಕೆಟ್ಟರೆ ಓಮ್ ಸೇರುತ್ತದೆ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ನಿಲ್ಲುತ್ತದೆ. ಇದನ್ನು ಮೆಕ್ಯಾನಿಕ್ಕೇ ತಂದಿಡುವುದುಂಟು: ಒಂದು ವೈರಿನ ಸೆನ್ಸರಿಗೆ ಅದರ ಥ್ರೆಡ್ಡೇ ಅರ್ತ್, ನೀರು ಸೋರಬಾರದೆಂದು ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿದರೆ ಆ ದಾರಿಗೆ ತಾನೇ ಅಡ್ಡ ಹಾಕಿದಂತೆ. ತಾಮ್ರದ ವಾಷರ್ ಸಾಕು.

ಒಂದೇ ಮೀಟರ್ ಸುಳ್ಳು ಹೇಳುತ್ತಿದ್ದರೆ ಅದರ ವೈರು, ಯೂನಿಟ್, ಯೂನಿಟ್ಟಿನ ಅರ್ತ್ ನೋಡಬೇಕು. ಎರಡು ಒಟ್ಟಿಗೆ ತಪ್ಪಿದರೆ ಟ್ಯಾಂಕಿನ ಕೆಳಗೆ ಮಲಗುವುದು ದಂಡ, ಕಾರಣ ಹೆಚ್ಚಾಗಿ ಡ್ಯಾಶ್‌ಬೋರ್ಡ್ ಹಿಂದೆಯೇ ಇರುತ್ತದೆ. ಕೀ ಹಾಕಿದ ಮೇಲೆ ಮುಳ್ಳು ಇಪ್ಪತ್ತು ಮೂವತ್ತು ಸೆಕೆಂಡ್ ಹಿಡಿದು ಸೋಮಾರಿಯಂತೆ ಏರಿದರೆ ಅದು ಬೈಮೆಟಲ್ ಮೀಟರ್, ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯದು. ಅದಕ್ಕೆ ವೋಲ್ಟೇಜ್ ಏರಿಳಿಯಬಾರದು, ಹಾಗಾಗಿ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಸ್ಟೆಬಿಲೈಜರ್ ಇರುತ್ತದೆ. ಬ್ಯಾಟರಿಯ ವೋಲ್ಟೇಜನ್ನು ತುಂಡು ತುಂಡಾಗಿ ಕೊಟ್ಟು ಸರಾಸರಿ 10 ವೋಲ್ಟಿನ ಆಸುಪಾಸು ಇಳಿಸುವುದು ಅದರ ಕೆಲಸ. ಆ ಡಬ್ಬಿಗೆ ತನ್ನದೇ ಅರ್ತ್ ಬೇಕು. ಅರ್ತ್ ತಪ್ಪಿದರೆ ಅದು ಕಡಿತ ನಿಲ್ಲಿಸಿ ಪೂರ್ತಿ ವೋಲ್ಟೇಜನ್ನೇ ಬಿಡುತ್ತದೆ, ಡೀಸೆಲ್ಲೂ ಟೆಂಪರೇಚರೂ ಜೊತೆಗೇ ಮೇಲೆ ಹೋಗುತ್ತವೆ. ಅಂಥ ಹೊತ್ತಿನಲ್ಲಿ ಎರಡೂ ಮೀಟರ್ ಬದಲಿಸಿದವರಿದ್ದಾರೆ. ಬೇಕಿದ್ದದ್ದು ಒಂದು ಸ್ಕ್ರೂ ತಿರುಗಿಸುವುದು. ಕೀ ಹಾಕಿದ ಕೂಡಲೇ ಮುಳ್ಳು ಟಕ್ಕನೆ ಏರುವ ಕಾಯಿಲ್ ಮೀಟರಿಗೆ ಸ್ಟೆಬಿಲೈಜರ್ ಬೇಕಿಲ್ಲ. ಅಲ್ಲಿ ಕ್ಲಸ್ಟರಿನ (ಮೀಟರುಗಳೆಲ್ಲ ಕೂತಿರುವ ಪೆಟ್ಟಿಗೆಯ) ಅರ್ತ್ ಹೋದರೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಗ್ಗುತ್ತದೆ, ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಕುಣಿಯುತ್ತದೆ. ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟಿನೊಳಗೆ ನುಗ್ಗಿ ವಾಪಸ್ ಹೋಗುತ್ತಿರುತ್ತದೆ. ಬ್ರೇಕ್ ತುಳಿದರೆ ಪಾರ್ಕಿಂಗ್ ಲೈಟ್ ಹತ್ತುವುದೂ ಇದೇ ಕಾರಣಕ್ಕೆ.

ಇನ್ನು ಹುಡುಕುವ ಬಗೆ. ಓಮ್ ಮೀಟರ್ ಇಟ್ಟು ‘ಅರ್ತ್ ಬರ್ತೈತೆ’ ಎನ್ನುವುದು ದೊಡ್ಡ ವೈರುಗಳ ವಿಷಯದಲ್ಲಿ ಮೋಸ. ಎಂಜಿನ್ ಅರ್ತ್ ಕೇಬಲ್ಲಿನ ಎಳೆಗಳೆಲ್ಲ ಹಸಿರುಗಟ್ಟಿ ನಾಲ್ಕೇ ಉಳಿದಿದ್ದರೂ ಮಲ್ಟಿಮೀಟರ್ ಪೀಂ ಎನ್ನುತ್ತದೆ. 0.02 ಓಮ್ ಆ ಮೀಟರಿಗೆ ಕಾಣುವುದೇ ಇಲ್ಲ, ಅದರ ವೈರುಗಳ ಓಮ್ಮೇ ಅದಕ್ಕಿಂತ ಹೆಚ್ಚು. ಆದರೆ ಸ್ಟಾರ್ಟರಿನ 150 ಆಂಪಿಯರ್ ಹರಿಯುವಾಗ ಆ 0.02 ಓಮ್ 3 ವೋಲ್ಟ್ ತಿನ್ನುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಕೆಲಸ ನಡೆಯುತ್ತಿರುವಾಗಿನ ವೋಲ್ಟೇಜ್.

ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಡಿ. ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಪೋಸ್ಟಿನ ಸೀಸಕ್ಕೇ ಒತ್ತಬೇಕು. ಕ್ಲಾಂಪಿಗಲ್ಲ, ಕ್ಲಾಂಪೇ ಕಳ್ಳನಿರಬಹುದು. ಕೆಂಪು ಮೊನೆ ಎಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.3 ವೋಲ್ಟಿನೊಳಗೆ ಇದ್ದರೆ ಚೆನ್ನ, 0.5 ದಾಟಿದರೆ ಕೇಬಲ್ಲೋ ಅದರ ತುದಿಯ ಲೋಹದ ಬಳೆಯಾದ ಲಗ್ಗೋ ಕೆಟ್ಟಿದೆ. ಆಮೇಲೆ ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ ಕೆಂಪು ಮೊನೆಯನ್ನು ಚಾಸಿಗೆ, ಕ್ಲಸ್ಟರಿನ ಅರ್ತ್ ವೈರಿಗೆ, ಟ್ಯಾಂಕ್ ಯೂನಿಟ್ಟಿನ ಫ್ಲೇಂಜಿಗೆ ಒಂದೊಂದಾಗಿ ಇಡಿ. 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಎಲ್ಲಿ ನೆಗೆಯುತ್ತದೋ ಆ ಜಾಗಕ್ಕೂ ಅದರ ಹಿಂದಿನ ಜಾಗಕ್ಕೂ ನಡುವಿನ ಜೋಡಣೆಯೇ ರೋಗಿ.

ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಬಿಸಿಯಾದರೆ, ಹೊಗೆ ಬಂದರೆ, ಅಳೆಯುವುದೇ ಬೇಡ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. ಅದಕ್ಕೂ ಚಾಸಿಗೂ ಇರಬೇಕಾದ ಹೆಣೆದ ತಾಮ್ರದ ಪಟ್ಟಿ ತುಂಡಾಗಿ ಸ್ಟಾರ್ಟರಿನ ಕರೆಂಟು ಆ ಕೇಬಲ್ಲಿನಲ್ಲಿ ಹೋಗುತ್ತಿದೆ.

ಮೀಟರಿಗೆ ಇನ್ನೊಂದು ಪರೀಕ್ಷೆ ಇದೆ. ಯೂನಿಟ್ಟಿಗೆ ಹೋಗುವ ವೈರನ್ನು ಬಿಚ್ಚಿದರೆ ಮುಳ್ಳು ಒಂದು ತುದಿಗೆ ಹೋಗಬೇಕು, ಚಾಸಿಗೆ ತಾಗಿಸಿದರೆ ಇನ್ನೊಂದು ತುದಿಗೆ. ಎರಡೂ ಆದರೆ ಮೀಟರೂ ವೈರೂ ಸರಿ, ತಪ್ಪು ಟ್ಯಾಂಕಿನ ಕಡೆ. ಬೈಮೆಟಲ್ ಮೀಟರನ್ನು ಮಾತ್ರ ನೇರ ಚಾಸಿಗೆ ಹಿಡಿದುಕೊಂಡೇ ಇರಬೇಡಿ, ಒಳಗಿನ ಸುರುಳಿ ಸುಡುತ್ತದೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ 33 ಓಮ್ ರೆಸಿಸ್ಟರ್ ನಡುವೆ ಹಾಕುವುದು ಜಾಣತನ. ಪೆಟ್ರೋಲ್ ಗಾಡಿಯಾದರೆ ಈ ಕೆಲಸ ಟ್ಯಾಂಕಿನ ಬಾಯಲ್ಲಿ ಬೇಡ, ಕಿಡಿ ಹಾರುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಟರ್ಮಿನಲ್ಲಿನಲ್ಲೇ ಮಾಡಿ.

ರಿಪೇರಿಗೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಚಾಸಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್. ಹಳೆ ಬೋಲ್ಟು ತೆಗೆದು, ಲಗ್ ಕೂರುವ ಜಾಗವನ್ನು ದೊಡ್ಡ ನಾಣ್ಯದಷ್ಟು ಅಗಲಕ್ಕೆ ಎಮರಿ ಪೇಪರಿನಲ್ಲಿ ಉಜ್ಜಿ. ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯಬೇಕು. ಲಗ್ಗಿಗೂ ಕಬ್ಬಿಣಕ್ಕೂ ನಡುವೆ ಹಲ್ಲಿನ ಸ್ಟಾರ್ ವಾಷರ್, 8 ಎಂ.ಎಂ. ಬೋಲ್ಟು, ಮೇಲೆ ಸ್ಪ್ರಿಂಗ್ ವಾಷರ್. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದು ನೀರು ತಡೆಯಿರಿ. 12 ವೋಲ್ಟಿನ ಗಾಡಿಯ ಎಂಜಿನ್ ಅರ್ತ್‌ಗೆ 35 ಚದರ ಎಂ.ಎಂ. ಕೇಬಲ್, ತವರ ಲೇಪಿಸಿದ ಲಗ್ಗು, ಅದೂ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿದ್ದು. ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದು ಆರು ತಿಂಗಳಿಗೆ ಮತ್ತೆ ಸಡಿಲ. ಕ್ಲಸ್ಟರಿಗೆ 2.5 ಚದರ ಎಂ.ಎಂ.ನ ಒಂದು ಪ್ರತ್ಯೇಕ ಕಪ್ಪು ವೈರನ್ನು ಬ್ಯಾಟರಿ ಮೈನಸ್‌ವರೆಗೇ ಎಳೆದುಬಿಟ್ಟರೆ ಆ ತಲೆನೋವು ಅಲ್ಲಿಗೆ ಮುಗಿಯುತ್ತದೆ. ಟ್ಯಾಂಕ್ ಯೂನಿಟ್ಟಿಗೂ ಹಾಗೇ, ಫ್ಲೇಂಜಿನ ಒಂದು ಸ್ಕ್ರೂವಿಗೆ ಲಗ್ ಹಾಕಿ ಚಾಸಿಗೆ.

ಕ್ಯಾರವಾನಿನ ಹಿಂಭಾಗದ ಮನೆಗೆ ಬಾಡಿ ಅರ್ತ್ ಎಂಬ ಮಾತೇ ಮರೆತುಬಿಡುವುದು ಒಳ್ಳೆಯದು. ಲೈಟು, ಫ್ಯಾನು, ಪಂಪು ಎಲ್ಲಕ್ಕೂ ಎರಡೆರಡು ವೈರು ಎಳೆದು, ಮೈನಸ್‌ಗಳನ್ನು ಒಂದು ತಾಮ್ರದ ಪಟ್ಟಿಗೆ ತಂದು, ಅಲ್ಲಿಂದ ಒಂದೇ ದಪ್ಪ ಕೇಬಲ್ಲನ್ನು ಮನೆ ಬ್ಯಾಟರಿಗೂ (ಹಿಂದಿನ ಲೈಟು ಫ್ಯಾನಿಗೆಂದೇ ಇಟ್ಟದ್ದು) ಚಾಸಿಗೂ ಕೊಡಬೇಕು. ನೀರಿನ ಟ್ಯಾಂಕಿನ ಮೀಟರ್ ‘ಯಾವಾಗಲೂ ಖಾಲಿ’ ತೋರಿಸುವ ದೂರಿಗೆ ಹೆಚ್ಚಾಗಿ ಇದೇ ಮೂಲ: ಯೂನಿಟ್ ಕೂರಿಸಿರುವುದು ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ, ಅದಕ್ಕೆ ಅರ್ತ್ ಎಲ್ಲಿಂದ ಬರಬೇಕು?

ಕೊನೆಗೆ, ಕ್ಯಾರವಾನಿಗೆ ಮನೆಯ ಅರ್ತ್ ಕೂಡ ಬೇಕಾಗುವ ಹೊತ್ತು: ಹೊರಗಿನ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದಾಗ. ಗಾಡಿ ಟೈರಿನ ಮೇಲೆ ನಿಂತಿರುವುದರಿಂದ ಒಳಗೆ ಫೇಸ್ ವೈರು ಬಾಡಿಗೆ ತಾಗಿದರೂ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯುತ್ತದೆ. ಅದಕ್ಕೇ ಪ್ಲಗ್ಗಿನ ಹಸಿರು ವೈರನ್ನು ಚಾಸಿಗೆ ಬೋಲ್ಟ್ ಮಾಡಬೇಕು. ನ್ಯೂಟ್ರಲ್ಲನ್ನು ಮಾತ್ರ ಗಾಡಿಯೊಳಗೆ ಚಾಸಿಗೆ ಸೇರಿಸಬಾರದು. ಒಳಬರುವ ಲೈನಿಗೆ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದರ ದಪ್ಪ ಪಿನ್ನಿಗೂ ಚಾಸಿಗೂ ಓಮ್ ಅಳೆದರೆ ಒಂದಕ್ಕಿಂತ ಕಡಿಮೆ ಬರಬೇಕು. ಇಲ್ಲಿ ಓಮ್ ಮೀಟರೇ ಸಾಕು. ಆದರೆ ಊಟಕ್ಕೆ ನಿಲ್ಲಿಸಿದ ಕಡೆಯ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವೈರೇ ಇಲ್ಲದಿದ್ದರೆ ನಿಮ್ಮ ಹಸಿರು ವೈರಿಗೆ ಹೋಗಲು ಜಾಗವಿಲ್ಲ. ಆಗ ಆರ್‌ಸಿಸಿಬಿ ಬೀಳುವುದು ಯಾರಾದರೂ ಬಾಗಿಲು ಮುಟ್ಟಿದ ಮೇಲೆಯೇ. ಫೇಸಿಗೂ ಆ ತೂತಿಗೂ ನಡುವೆ ಮೀಟರ್ ಇಟ್ಟು 230ರ ಆಸುಪಾಸು ಬರದಿದ್ದರೆ ಅಲ್ಲಿ ಪ್ಲಗ್ ಹಾಕದೆ ಬ್ಯಾಟರಿಯಲ್ಲೇ ರಾತ್ರಿ ಕಳೆಯಿರಿ.